ಅಕ್ಕನನ್ನು ಎಬ್ಬಿಸುವ ಕಸರತ್ತು

ನನ್ನ ಬಲಗೈ ಬೆರಳುಗಳಿಗೆ ಒಂದು ಚಾಳಿ ಅಂಟಿಕೊಂಡಿದೆ. ಸ್ವಲ್ಪ ಬಿಡುವು ಸಿಕ್ಕಿದರೆ ಸಾಕು, ಎಡಗೈಯ ಮಣಿಕಟ್ಟನ್ನು ಹುಡುಕಿಕೊಂಡು ಹೋಗಿ ನಾಡಿಯ ಮೇಲೆ ಕೂತುಬಿಡುತ್ತವೆ. ಬಸ್ಸಿನಲ್ಲಿ, ಕುಕ್ಕರಿನ ಸೀಟಿಗೆ ಕಾಯುವಾಗ, ಮದುವೆಮನೆಯಲ್ಲಿ ಊಟಕ್ಕೆ ಕೂತವರು ಯಾವಾಗ ಏಳುತ್ತಾರೋ ಎಂದು ಯಾರದೋ ಬೆನ್ನ ಹಿಂದೆ ನಿಂತಾಗ, ಹೀಗೆ ಎಲ್ಲಿ ಬೇಕೆಂದರಲ್ಲಿ. ನಾಡಿ ಮೆಲ್ಲಗೆ ಹೊಡೆಯುತ್ತಿದ್ದರೆ ಇದೇಕೆ ಇಷ್ಟು ಮೆಲ್ಲಗೆ ಎಂಬ ಚಿಂತೆ. ಜೋರಾಗಿದ್ದರೆ ಹೇಳುವುದೇ ಬೇಡ. ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಬಹಳ ಹೊತ್ತು ನನ್ನನ್ನೇ ನೋಡಿ, "ಬಳಿ ಕಳಕೊಂಡಿಯೇನವ್ವ?" ಎಂದು ಕೇಳಿದ್ದರು. ಹೌದು ಎಂದುಬಿಟ್ಟೆ. ಪ್ರಾಣವನ್ನು ಹುಡುಕುತ್ತಿದ್ದೇನೆ ಎಂದು ಹೇಗೆ ಹೇಳುವುದು?

ಈ ಚಾಳಿಗೆ ನನ್ನ ಕೆಲಸವೂ ಸ್ವಲ್ಪ ಕಾರಣ. ನಾನು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ವರದಿಗಳನ್ನು ಟೈಪು ಮಾಡುವವಳು. ಊರವರ ಸಕ್ಕರೆ, ಉಪ್ಪು, ಕೊಬ್ಬು ಎಲ್ಲ ನನ್ನ ಬೆರಳ ತುದಿಯನ್ನು ದಾಟಿಯೇ ಹೋಗಬೇಕು. ಕಿರಾಣಿ ಅಂಗಡಿಯವನಿಗೂ ಅಷ್ಟು ಗೊತ್ತಿರಲಿಕ್ಕಿಲ್ಲ. ಯಾವುದಾದರೂ ಅಂಕಿ ಗೆರೆ ದಾಟಿದರೆ ಕಂಪ್ಯೂಟರ್ ಅದನ್ನು ದಪ್ಪ ಅಕ್ಷರದಲ್ಲಿ ತೋರಿಸುತ್ತದೆ. ಆ ದಪ್ಪ ಅಕ್ಷರ ಯಾರದೇ ಆಗಿರಲಿ, ಬೆವರುವವಳು ನಾನು. ನನ್ನದೇ ವಯಸ್ಸಿನ ಹೆಂಗಸಿನ ವರದಿ ಬಂದರಂತೂ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಹಾಗೆಂದು ನನ್ನ ರಕ್ತವನ್ನು ಒಮ್ಮೆಯಾದರೂ ಪರೀಕ್ಷೆಗೆ ಕೊಟ್ಟಿದ್ದೆನೇ ಎಂದರೆ, ಅದೂ ಇಲ್ಲ. ಮಿಠಾಯಿ ಅಂಗಡಿಯವನು ತನ್ನ ಮಿಠಾಯಿ ತಿನ್ನುವುದಿಲ್ಲವಲ್ಲ, ಹಾಗೆ ಎಂದು ನಗುತ್ತಿದ್ದೆ. ನಿಜ ಏನೆಂದರೆ, ನನಗೆ ಹೆದರಿಕೆ.

ಐವತ್ತು ದಾಟಿದ ಮೇಲೆ ಈ ಹೆದರಿಕೆ ಮನೆಯವರ ನೆಮ್ಮದಿಯನ್ನೂ ತಿನ್ನತೊಡಗಿತು. ಪಾರ್ವತಿನಗರದ ನಮ್ಮ ಮನೆಗೆ ಇರುವುದು ಕೆಲವೇ ಮೆಟ್ಟಿಲು. ಅವನ್ನು ಹತ್ತುವಷ್ಟರಲ್ಲಿ ಉಸಿರು ಹತ್ತುತ್ತಿತ್ತು. ಉಸಿರು ಹತ್ತಿದೊಡನೆ ಎದೆಯಲ್ಲಿ ಏನೋ ಚುಚ್ಚಿದಂತೆ ಆಗುತ್ತಿತ್ತು. ಚುಚ್ಚಿದೊಡನೆ ನಾನು ನಮ್ಮವರನ್ನು ಕರೆಯುತ್ತಿದ್ದೆ. ನಮ್ಮವರು ಪಂಪಾಪತಿ, ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡವರು, ಯಾವುದಕ್ಕೂ ಗಾಬರಿಯಾಗದ ಮನುಷ್ಯ. ಮೊದಮೊದಲು ನೀರು ತಂದುಕೊಡುತ್ತಿದ್ದರು. ಆಮೇಲಾಮೇಲೆ ಪೇಪರಿನಿಂದ ತಲೆ ಎತ್ತದೆ, "ವಾಯು ಇದ್ದೀತು, ಓಂಕಾಳು ತಿನ್ನು" ಎನ್ನತೊಡಗಿದರು. ಕೊನೆಗೊಂದು ದಿನ ಬೂಟಿನ ಡಬ್ಬಿ ತಂದು ನನ್ನ ಮುಂದೆ ಇಟ್ಟರು.

"ದಿನಾ ಸಾಯೋದು ಸಾಕು. ಕಂಟೋನ್ಮೆಂಟ್ ಗ್ರೌಂಡಿನ್ಯಾಗ ನಸೀಮಾ ಮೇಡಂ ಅಂತ ಅದಾರ. ಹೆಣ್ಮಕ್ಕಳಿಗೆ ಕಸರತ್ತು ಹೇಳಿಕೊಡ್ತಾರ. ಹೋಗಿ ಬಾ," ಎಂದರು.

ನಸೀಮಾ ಮೇಡಂ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು. ಎತ್ತರದ ಹೆಂಗಸು. ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಗಂಟು ಹಾಕಿ, ಕೊರಳಲ್ಲಿ ಸೀಟಿ ತೂಗುಹಾಕಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದರು. ಸುತ್ತ ನನ್ನಂಥವರೇ ಹತ್ತಾರು ಹೆಂಗಸರು ಕೈ ಬೀಸುತ್ತಿದ್ದರು. ನಾನು ಹೋಗಿ ನಿಂತಾಗ ಹೆಸರನ್ನೂ ಕೇಳಲಿಲ್ಲ.

"ಯಾಕ ಬಂದೀರಿ?" ಎಂದರು.

"ನಡದ್ರ ಆರೋಗ್ಯಕ್ಕ ಒಳ್ಳೇದಂತಲ್ರಿ ಮೇಡಂ."

"ಅದು ಗ್ವಾಡಿ ಮ್ಯಾಲೆ ಬರಿಯೋ ಮಾತು. ನೀವು ಯಾಕ ಬಂದೀರಿ?"

"ನಮ್ಮ ಮನಿಯವರು ಕಳಿಸಿದ್ರು."

"ಹಂಗಾದ್ರ ನಾಳಿಂದ ಅವರು ಬರಲಿ."

ಪಕ್ಕದಲ್ಲಿ ಕೈ ಬೀಸುತ್ತಿದ್ದವಳು ಕಿಸಕ್ಕೆಂದು ನಕ್ಕಳು. ತೂಕ ಇಳಿಸಬೇಕು ಎಂದೆ. ಯಾಕೆ ಎಂದರು. ಮಂಡಿ ನೋವು ಎಂದೆ. ಮಂಡಿ ನೋವು ಹೋದರೆ ಏನು ಮಾಡುತ್ತೀರಿ ಎಂದರು. ಅದನ್ನು ನಾನು ಯೋಚಿಸಿರಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಇದ್ದದ್ದನ್ನೇ ಹೇಳಿದೆ.

"ಸಾಯ್ತೀನಿ ಅಂತ ಅಂಜಿಕಿ ಆಗ್ತೈತ್ರಿ ಮೇಡಂ."

ಅವರ ದನಿ ಸ್ವಲ್ಪ ಮೆತ್ತಗಾಯಿತು. "ಅಂಜಿಕಿ ನಿಮ್ಮನ್ನ ಗ್ರೌಂಡಿನ ಗೇಟ್ ತನಕ ತಂದು ಬಿಡತೈತಿ. ಒಳಗ ಸುತ್ತು ಹೊಡಸಂಗಿಲ್ಲ. ಅದೇ ಅಂಜಿಕಿ ನಾಳೆ ಮನ್ಯಾಗ ಕುಂದ್ರು ಅಂತೈತಿ. ನಿಮ್ಮದು ಅಂತ ಬೇರೆ ಏನಾರ ಇರಬೇಕು. ಹುಡುಕ್ರಿ. ಸಿಗೋ ತನಕಾನೂ ಬರ್ರಿ, ನಾ ಬ್ಯಾಡ ಅನ್ನಂಗಿಲ್ಲ."

ಅವರು ಹೇಳಿದಂತೆಯೇ ಆಯಿತು. ಕೆಲವು ದಿನ ಹೋದೆ. ಎಲ್ಲರೂ ಸುತ್ತು ಹಾಕುವಾಗ ನಾನು ನಡುನಡುವೆ ನಿಂತು ನಾಡಿ ಹಿಡಿದು ನೋಡುವುದು, ನಾಡಿ ಓಡುತ್ತಿರುವುದನ್ನು ಕಂಡು ಬೆಂಚಿನ ಮೇಲೆ ಕೂರುವುದು. ನಡೆದರೆ ನಾಡಿ ಓಡದೆ ಮಲಗಿರುತ್ತದೆಯೇ ಎಂದು ಮೇಡಂ ಬೈದರು. ಒಂದು ದಿನ ಬಿಸಿಲು ಹೆಚ್ಚೆಂದು ಹೋಗಲಿಲ್ಲ. ಬಳ್ಳಾರಿಯಲ್ಲಿ ಬಿಸಿಲನ್ನು ನೆಪ ಮಾಡಿಕೊಂಡವರು ವರ್ಷದಲ್ಲಿ ಎಷ್ಟು ದಿನ ಹೊರಗೆ ಬಂದಾರು? ಬೂಟುಗಳು ಚಪ್ಪಲಿ ಗೂಡು ಸೇರಿದವು. ನಮ್ಮವರು ಅವನ್ನು ನೋಡಿಯೂ ನೋಡದಂತೆ ಓಡಾಡಿದರು. ಮಾತಾಡಿ ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ನಾನು ಮೊದಲಿನಿಂದ ಹೀಗಿದ್ದವಳಲ್ಲ. ಕುರುಗೋಡಿನ ಗುಡ್ಡದ ಬುಡದಲ್ಲಿ ಬೆಳೆದವಳು. ಅಲ್ಲಿನ ಬಂಡೆಗಳು ಬೆಳಗ್ಗೆ ತಣ್ಣಗೆ, ಮಧ್ಯಾಹ್ನ ರೊಟ್ಟಿಯ ಹಂಚು. ಆ ಹಂಚಿನ ಮೇಲೆ ಬರಿಗಾಲಲ್ಲಿ ಹಾರಿ, ಸಂದಿಗೊಂದಿಗಳಲ್ಲಿ ತೂರಿ, ಸೀತಾಫಲ ಹಣ್ಣಾಗುವ ಮೊದಲೇ ಕಿತ್ತು, ಮನೆಗೆ ತಂದು ಜೋಳದ ಚೀಲದಲ್ಲಿ ಹೂತಿಟ್ಟು, ಹಣ್ಣಾಯಿತೇ ಎಂದು ಗಂಟೆಗೊಮ್ಮೆ ಅದುಮಿ ಅದುಮಿ ಅದನ್ನು ಕೊಳೆಸುತ್ತಿದ್ದ ಗುಂಪಿನ ನಾಯಕಿ ನಾನು. ಅವ್ವನಿಗೆ ದಮ್ಮು. ಹೊಗೆಯ ಒಲೆಯ ಮುಂದೆ ಕೂತು ಕೂತು ಅವಳ ಉಸಿರು ಸದಾ ಸೀಟಿ ಹೊಡೆಯುತ್ತಿತ್ತು. ಹಾಗಾಗಿ ನನ್ನನ್ನು ಸಾಕಿದವಳು ಅಕ್ಕ ನೀಲಮ್ಮ. ನನಗಿಂತ ಬಹಳ ದೊಡ್ಡವಳು. ನಾನು ನಡೆಯಲು ಕಲಿತ ಮೇಲೂ ಅವಳ ಸೊಂಟ ಬಿಟ್ಟಿಳಿಯಲಿಲ್ಲವೆಂದು ಊರವರು ನಗುತ್ತಿದ್ದರಂತೆ. ಅಕ್ಕನ ಸೊಂಟ ಒಂದು ಕಡೆ ವಾಲಿದ್ದಕ್ಕೆ ನೀನೇ ಕಾರಣ ಎಂದು ಭಾವ ಬದುಕಿರುವ ತನಕ ನನ್ನನ್ನು ಕಾಡಿಸುತ್ತಿದ್ದರು.

ಅಕ್ಕನನ್ನು ಕೊಟ್ಟದ್ದು ಸಿರುಗುಪ್ಪಕ್ಕೆ. ಈಗ ಭಾವ ಇಲ್ಲ. ಮಗ ಈರಣ್ಣ ಅಕ್ಕಿ ಗಿರಣಿಯಲ್ಲಿ ಸೂಪರ್‌ವೈಸರ್. ಸೊಸೆ ಸುಜಾತ ಆದೋನಿಯ ಕಡೆಯ ಹುಡುಗಿ, ಸಿಟ್ಟು ಬಂದರೆ ತೆಲುಗಿನಲ್ಲಿ, ಪ್ರೀತಿ ಬಂದರೆ ಕನ್ನಡದಲ್ಲಿ ಮಾತಾಡುವವಳು. ಅಕ್ಕನ ಕಿವಿಗೆ ತೆಲುಗು ಬೀಳುವುದು ಅಪರೂಪ. ತುಂಬಿದ ಮನೆ, ಯಾವುದಕ್ಕೂ ಕೊರತೆಯಿಲ್ಲ. ಮಂಡಿ ಸವೆದು ಅಕ್ಕನ ಓಡಾಟ ಮಾತ್ರ ಕಡಿಮೆಯಾಗಿತ್ತು.

ಆ ದಿನ ಈರಣ್ಣ, ಸುಜಾತ ಇಬ್ಬರೂ ಆದೋನಿಗೆ ಮದುವೆಗೆ ಹೊರಟಿದ್ದರು. ಅಕ್ಕನ ಜೊತೆಗಿರಲು ನಾನು ಬೆಳಗಿನ ಬಸ್ಸಿಗೆ ಹೋದೆ. ಊಟ ಮಾಡಿದೆವು. ನಾನು ಪಾತ್ರೆ ತೊಳೆಯುತ್ತಿದ್ದೆ. ಹಿಂದೆ ಏನೋ ದೊಪ್ಪೆಂದಿತು. ಅಕ್ಕಿಯ ಮೂಟೆ ಉರುಳಿದ ಹಾಗೆ. ಹೋಗಿ ನೋಡಿದರೆ ಅಕ್ಕ ಬಚ್ಚಲಮನೆಯ ಹಸಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಒಂದು ಕೈ ಗೋಡೆಯ ಮೇಲೆ. ಮುಖದಲ್ಲಿ ನೋವಿಗಿಂತ ಬೆರಗೇ ಹೆಚ್ಚು.

"ಬಿದ್ದೆ ನೋಡು ಗಿರಿಜಾ," ಎಂದಳು, ಬೇರೆ ಯಾರೋ ಬಿದ್ದದ್ದನ್ನು ನನಗೆ ತೋರಿಸುವಂತೆ.

ತಲೆಗೆ ತಗಲಿರಲಿಲ್ಲ. ಕಾಲು ಅಲ್ಲಾಡಿಸು ಎಂದೆ, ಅಲ್ಲಾಡಿಸಿದಳು. ಬಾ ಏಳು ಎಂದು ಕಂಕುಳಿಗೆ ಕೈ ಕೊಟ್ಟು ಎತ್ತಲು ನೋಡಿದೆ. ಅಕ್ಕ ಒಂದು ಗೇಣು ಮೇಲೆದ್ದಳು, ಮತ್ತೆ ಕೂತಳು. ಮುಂದಿನಿಂದ ಕೈ ಹಿಡಿದು ಎಳೆದೆ. ನನ್ನ ಕಾಲೇ ಜಾರಿತು. ಹಿಂದಿನಿಂದ ತಬ್ಬಿ ಎತ್ತಿದೆ. ನನ್ನ ಸೊಂಟದಲ್ಲಿ ಚಳುಕು ಹೊಡೆದು, ಕಣ್ಣಿಗೆ ಕತ್ತಲೆ ಬಂದು, ಎದೆ ಡೊಳ್ಳಿನಂತೆ ಬಡಿಯತೊಡಗಿತು. ಆಗ ನನ್ನ ತಲೆಯಲ್ಲಿ ಬಂದ ಯೋಚನೆಯನ್ನು ಹೇಳಲು ನಾಚಿಕೆಯಾಗುತ್ತದೆ. ಇಲ್ಲೇ ನಾನು ಸತ್ತರೆ ಅಕ್ಕನನ್ನು ಎತ್ತುವವರು ಯಾರು ಎಂದಲ್ಲ, ಇಲ್ಲೇ ನಾನು ಸತ್ತರೆ ಎಂದಷ್ಟೇ.

"ಬಿಡು ಲೇ," ಎಂದಳು ಅಕ್ಕ. "ಇಬ್ರೂ ಬಿದ್ವಿ ಅಂದ್ರ ನೋಡೋರಿಗೆ ಚಂದ ಕಾಣಂಗಿಲ್ಲ."

ಈರಣ್ಣನಿಗೆ ಫೋನ್ ಮಾಡಿದೆ. ಅತ್ತ ಬ್ಯಾಂಡಿನ ಸದ್ದು. ಅವನು ಹಲೋ ಹಲೋ ಎಂದು ಕೂಗಿ ಇಟ್ಟುಬಿಟ್ಟ. ಪಕ್ಕದ ಮನೆಗೆ ಬೀಗ. ಬೀದಿಯ ಆ ತುದಿಯಲ್ಲಿ ಗಂಡಸರು ಲಾರಿಗೆ ಮೂಟೆ ಹೇರುತ್ತಿದ್ದರು. ಕರೆಯಲೇ ಎಂದೆ.

"ಬ್ಯಾಡ. ಸೀರಿ ಪೂರಾ ತೊಯ್ದೈತಿ. ಗಂಡಸರು ಬಂದು ಎತ್ತೋದು ಬ್ಯಾಡ. ನನಗೇನೂ ಆಗಿಲ್ಲ. ಕುಂದ್ರು ನೀನೂ."

ಒಣಗಿದ ಸೀರೆ ತಂದು ಅವಳಿಗೆ ಹೊದಿಸಿ, ಗೋಡೆಗೂ ಬೆನ್ನಿಗೂ ನಡುವೆ ದಿಂಬು ಇಟ್ಟು, ನಾನೂ ಆ ನೆಲದ ಮೇಲೇ ಕೂತೆ. ಎಷ್ಟು ಹೊತ್ತು ಕೂತಿದ್ದೆವೋ. ಅಕ್ಕನ ಕೈ ತಣ್ಣಗಾಗುತ್ತಿತ್ತು. ನಾನು ಅದನ್ನು ಉಜ್ಜುತ್ತಿದ್ದೆ. ಒಳಗೆಲ್ಲೋ ಎಲುಬು ಮುರಿದಿದ್ದರೆ, ತಲೆಯೊಳಗೆ ರಕ್ತ ಸೋರುತ್ತಿದ್ದರೆ, ಮಾತಾಡುತ್ತಾ ಮಾತಾಡುತ್ತಾ ಹೀಗೇ ಸುಮ್ಮನಾಗಿಬಿಟ್ಟರೆ ಎಂದು, ಟೈಪು ಮಾಡಿದ ವರದಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅಕ್ಕ ಮಾತ್ರ ಬಚ್ಚಲ ಕಿಂಡಿಯತ್ತ ನೋಡುತ್ತಾ, "ನಿನಗ ಚೇಳು ಕಡದಿದ್ದು ನೆಪ್ಪೈತೇನು?" ಎಂದಳು.

ನೆನಪಿಲ್ಲದೆ ಉಂಟೇ? ಗುಡ್ಡದ ಮೇಲೆ ಕಲ್ಲು ಸರಿಸಿ ಸೀತಾಫಲ ಬಚ್ಚಿಡಲು ಹೋಗಿ ಕೈ ಕೊಟ್ಟಿದ್ದೆ. ನನ್ನ ಚೀರಾಟ ಕೇಳಿ ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದಳು. ನನ್ನನ್ನು ಬೆನ್ನಿಗೆ ಹಾಕಿಕೊಂಡು ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಇಳಿದಳು. ದಾರಿಯುದ್ದಕ್ಕೂ ನಾನು ಸಾಯುತ್ತೇನೆ ಸಾಯುತ್ತೇನೆ ಎಂದು ಅವಳ ಕಿವಿಯಲ್ಲಿ ಕೂಗುತ್ತಿದ್ದೆ. ನೋಡಿ, ಈ ಅಭ್ಯಾಸವೂ ಹಳೆಯದೇ.

"ನಿನಗ ಭಾರ ಆಗಲಿಲ್ಲೇನಕ್ಕ ಆವತ್ತು?"

"ನೀನೇನು ಭಾರ ಇದ್ದಿ? ಹಕ್ಕಿ ಮರಿ ಇದ್ದಂಗಿದ್ದಿ," ಎಂದಳು. ಸ್ವಲ್ಪ ತಡೆದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆವಾಗ," ಎಂದು ಸೇರಿಸಿದಳು.

ನಗಬೇಕೆಂದುಕೊಂಡೆ. ಅಳು ಬಂತು. ಅಕ್ಕನಿಗೆ ಕಾಣದಂತೆ ಸೆರಗಿನಿಂದ ಮೂಗು ಒರೆಸಿಕೊಂಡೆ. ಕೊನೆಗೆ ಪಕ್ಕದ ಮನೆಯ ಅತ್ತೆ ಸೊಸೆ ಸಂತೆಯಿಂದ ಬಂದರು. ಅವರಿಬ್ಬರು, ನಾನೊಬ್ಬಳು, ಮೂವರೂ ಸೇರಿ ಅಕ್ಕನನ್ನು ಎತ್ತಿ ಮಂಚಕ್ಕೆ ಸೇರಿಸಿದೆವು. ಸಂಜೆ ಈರಣ್ಣ, ಸುಜಾತ ಮದುವೆಯಿಂದ ಬಂದ ಮೇಲೆ ಡಾಕ್ಟರು ನೋಡಿ ಎಲುಬು ಮುರಿದಿಲ್ಲ, ಪೆಟ್ಟು ಮಾತ್ರ ಎಂದರು. ಮನೆಯವರೆಲ್ಲ ದೇವರಿಗೆ ಕೈ ಮುಗಿದರು. ನಾನು ನನ್ನ ತೋಳುಗಳನ್ನು ನೋಡಿಕೊಂಡೆ. ಇಷ್ಟು ದಪ್ಪ ಇವೆ, ಒಂದು ಕೆಲಸಕ್ಕೂ ಬರಲಿಲ್ಲವಲ್ಲ ಎನ್ನಿಸಿತು.

ಬಳ್ಳಾರಿಗೆ ಬಂದ ಮರುದಿನ ಬೆಳಿಗ್ಗೆ ಗ್ರೌಂಡಿಗೆ ಹೋದೆ. ನಸೀಮಾ ಮೇಡಂ ಯಾಕ ಬಂದೀರಿ ಎಂದು ಕೇಳುವ ಮೊದಲೇ ಹೇಳಿದೆ.

"ನಮ್ಮ ಅಕ್ಕ ನೆಲಕ್ಕ ಬಿದ್ರ ಎತ್ತಾಕ ಬರಬೇಕ್ರಿ ಮೇಡಂ. ನಾ ಒಬ್ಬಾಕೀನ."

ಅವರು ಸೀಟಿಯನ್ನು ಬಾಯಿಂದ ತೆಗೆದರು. ಏನಾಯಿತೆಂದು ಪೂರ್ತಿ ಕೇಳಿದರು. ಆಮೇಲೆ, "ಬರ್ರಿ. ಮೊದಲು ಡಾಕ್ಟರಿಗೆ ತೋರಿಸಿ, ರಕ್ತ ಕೊಟ್ಟು ಬರ್ರಿ," ಎಂದರು.

ನಮ್ಮದೇ ಲ್ಯಾಬಿನಲ್ಲಿ, ನನ್ನದೇ ಕುರ್ಚಿಯಲ್ಲಿ ಕೂತು, ನನ್ನದೇ ಹೆಸರನ್ನು ಟೈಪು ಮಾಡುವಾಗ ಬೆರಳು ಎರಡು ಸಲ ತಪ್ಪಿತು. ಸಕ್ಕರೆ ಗೆರೆಯ ಮೇಲೆ ಬಂದು ನಿಂತಿತ್ತು, ಕೊಬ್ಬು ಗೆರೆ ದಾಟಿತ್ತು. ಹೃದಯಕ್ಕೆ ಏನೂ ಆಗಿಲ್ಲ, ಊಟ ಹಿಡಿತದಲ್ಲಿರಲಿ, ಧಾರಾಳವಾಗಿ ಕಸರತ್ತು ಮಾಡಿ ಎಂದರು ಡಾಕ್ಟರು. ಆ ಮಾತನ್ನು ಬರೆದುಕೊಡಿ ಎಂದು ಕೇಳುವ ಮನಸ್ಸಾಗಿತ್ತು. ಬಿಟ್ಟೆ.

ಎತ್ತುವುದು ಎಂದರೆ ಕೈಯಿಂದ ಎಂದು ನಾನು ತಿಳಿದಿದ್ದೆ. ಮೇಡಂ ನನ್ನ ಕೈಗೆ ಏನನ್ನೂ ಕೊಡಲಿಲ್ಲ. ಒಂದು ಕುರ್ಚಿ ತಂದಿಟ್ಟರು. ಕೈ ಊರದೆ ಕೂರಬೇಕು, ಕೈ ಊರದೆ ಏಳಬೇಕು. ಅದು ಬಂದ ಮೇಲೆ ಗಿಡ್ಡ ಸ್ಟೂಲು. ಅದೂ ಬಂದ ಮೇಲೆ ನೆಲ. "ನಿಮ್ಮನ್ನ ನೀವು ಎತ್ತಿಕೊಳ್ಳಾಕ ಬರದೆ ಇನ್ನೊಬ್ಬರನ್ನ ಎಲ್ಲಿ ಎತ್ತತೀರಿ?" ಎನ್ನುತ್ತಿದ್ದರು. ನೆಲದಿಂದ ಏಳುವ ಹೊತ್ತಿಗೆ ನನ್ನ ತೊಡೆಗಳು ಗಾಳಿಗೆ ಸಿಕ್ಕ ಬಾಳೆ ಎಲೆಯಂತೆ ನಡುಗುತ್ತಿದ್ದವು. ಎದೆ ಬಡಿದಾಗಲೆಲ್ಲ ಕೈ ತಾನಾಗಿ ಮಣಿಕಟ್ಟಿಗೆ ಹೋಗುತ್ತಿತ್ತು. ಮೇಡಂ ಅದನ್ನು ಕಂಡರೆ ಮಾತಿಗೆಳೆಯುತ್ತಿದ್ದರು.

"ಇವತ್ತು ಏನ್ ಸಾರು ಮಾಡೀರಿ?"

"ಹೆಸರು... ಬ್ಯಾಳಿ... ಸಾರು ರಿ."

"ಮಾತು ಬರಾಕತ್ತೈತಲ್ಲ, ಹಂಗಾದ್ರ ಬದುಕೀರಿ. ಮುಂದ ನಡೀರಿ. ಒಗ್ಗರಣಿ ಯಾವುದರದ್ದು ಹಾಕಿದ್ರಿ?"

ಹೀಗೆ ನನ್ನ ಅಡುಗೆಮನೆಯ ಗುಟ್ಟೆಲ್ಲ ಆ ಗ್ರೌಂಡಿಗೆ ಗೊತ್ತಾಯಿತು. ಮೇಡಂ ಊಟದ ಬಗ್ಗೆ ಬಹಳ ಕಟ್ಟುನಿಟ್ಟಿನ ಹೆಂಗಸು ಎಂದುಕೊಂಡಿದ್ದೆ. ಒಂದು ದಿನ ಮಂಡಕ್ಕಿ ಒಗ್ಗರಣೆ ಅಂಗಡಿಯ ಮುಂದೆ ಕೈಯಲ್ಲಿ ಮಿರ್ಚಿ ಬಜ್ಜಿ ಹಿಡಿದು ನಿಂತವರು ಎದುರಿಗೇ ಸಿಕ್ಕರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನೂ ಅಲ್ಲಿಗೆ ಮಿರ್ಚಿಗೇ ಹೋದವಳು. "ಒಂದ ತಿನ್ರಿ, ಆಮ್ಯಾಲೆ ನಡಕೊಂಡ ಹೋಗೋಣು," ಎಂದರು ಗಂಭೀರವಾಗಿ.

ಬೇಸಿಗೆ ಕಳೆದು ಮಳೆಯ ಮೋಡ ಕಾಣುವ ಹೊತ್ತಿಗೆ ನಾನು ಮನೆಯ ಅಕ್ಕಿ ಚೀಲವನ್ನು ಸೊಂಟಕ್ಕೆ ನೋವಾಗದಂತೆ ಎತ್ತಿ ಅಟ್ಟಕ್ಕೆ ಇಡಬಲ್ಲವಳಾದೆ. ನಮ್ಮವರು ಪೇಪರಿನಿಂದ ತಲೆ ಎತ್ತಿ ನೋಡಿದರು. "ನನ್ನ ಕೂಡ ಜಗಳಾಡೋ ಮುಂದ ಹೇಳಿ ಬಾ," ಎಂದರು.

ಆ ಉಬ್ಬಿನಲ್ಲೇ ಸಿರುಗುಪ್ಪಕ್ಕೆ ಹೋದೆ. ಹೋಗಿ ನೋಡಿದರೆ ಅಕ್ಕ ಮಂಚದ ಮೇಲೆಯೇ. ಬಿದ್ದ ಪೆಟ್ಟು ಎಂದೋ ಮಾಯ್ದಿತ್ತು. ಅಂಜಿಕೆ ಮಾಯ್ದಿರಲಿಲ್ಲ. ಸುಜಾತ ಹಿಡಿದುಕೊಂಡರೆ ಮಾತ್ರ ಎದ್ದು ನಿಲ್ಲುವುದು, ಹಿಡಿದುಕೊಂಡೇ ಬಚ್ಚಲಿಗೆ ಹೋಗುವುದು, ತಂದು ಕೂರಿಸಿದರೆ ಕೂರುವುದು. ಕಾಲುಗಳು ಸೋರೆಬಳ್ಳಿಯಂತೆ ಸಣ್ಣಗಾಗಿದ್ದವು. ಹಿಂದೆ ಬಂದಾಗಲೆಲ್ಲ ನೋಡಿದ್ದೆ, ಆದರೆ ನನ್ನ ಕಣ್ಣೆಲ್ಲ ನನ್ನ ತೋಳಿನ ಮೇಲೇ ಇತ್ತು.

"ಅಕ್ಕ, ಇನ್ ಮ್ಯಾಲೆ ನೀ ಬಿದ್ರ ಅಂಜಬ್ಯಾಡ. ನಾ ಒಬ್ಬಾಕೀನ ಎತ್ತತೀನಿ," ಎಂದೆ.

ಅಕ್ಕ ನನ್ನನ್ನು ದಿಟ್ಟಿಸಿದಳು. "ನೀ ಇರೋದು ಬಳ್ಳಾರ್ಯಾಗ. ನಾ ಬೀಳೋದು ಸಿರುಗುಪ್ಪದಾಗ. ಮೊದಲು ಫೋನ್ ಮಾಡಿ, ನೀ ಬಸ್ ಹತ್ತಿದ ಮ್ಯಾಲೆ ಬೀಳ್ಲೇನು?"

ಸುಜಾತ ಒಳಗೆ ಹೋಗಿ ನಕ್ಕಳು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ಭತ್ತದ ಗದ್ದೆಗಳು ನೀರು ತುಂಬಿಕೊಂಡು ಹೊಳೆಯುತ್ತಿದ್ದವು. ಇಷ್ಟು ದಿನ ನನ್ನ ಸಾವಿಗೆ ಹೆದರುತ್ತಿದ್ದೆ. ಈಗ ಅಕ್ಕನ ಆ ಸಣ್ಣ ಕಾಲುಗಳು ಕಣ್ಣಿಗೆ ಕಟ್ಟಿದ್ದವು. ಇವತ್ತೇ ಬಿದ್ದರೆ, ಸುಜಾತ ಅಂಗಡಿಗೆ ಹೋದಾಗ ಬಿದ್ದರೆ, ಈ ಸಲ ಸೊಂಟದ ಎಲುಬೇ ಹೋದರೆ? ಊರು ತಲುಪಿದೊಡನೆ ಫೋನ್ ಮಾಡಿದೆ. ಅಕ್ಕ ಮಲಗಿದ್ದಾಳೆ ಎಂದಳು ಸುಜಾತ. ಉಸಿರಾಡುತ್ತಿದ್ದಾಳೆಯೇ ಎಂದು ಕೇಳುವುದನ್ನು ನುಂಗಿಕೊಂಡೆ.

ಮೇಡಂಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಆಮೇಲೆ ಬೇವಿನ ಬುಡದಲ್ಲಿ ನನ್ನ ಪಕ್ಕ ಕೂತರು.

"ನಿಮ್ಮ ಅಕ್ಕ ಹೇಳಿದ್ದು ಖರೇ ಐತಿ. ನೀವು ಎತ್ತೋದಕ್ಕಿಂತ ಅವರು ಏಳೋದು ಮುಖ್ಯ. ಅವರಿಗೆ ಏನು ಬೇಕು ಅಂತ ಕೇಳೀರೇನು?"

"ಏನು ಬೇಕಾದೀತ್ರಿ? ಅರಾಮ ಇರಬೇಕು."

"ನೀವೂ ಮೊದಲ ದಿನ ಇಂಥಾದ್ದ ಗ್ವಾಡಿ ಮ್ಯಾಲಿನ ಮಾತು ಹೇಳಿದ್ರಿ," ಎಂದರು ಮೇಡಂ.

ಮುಂದಿನ ಭಾನುವಾರ ಸುಜಾತ ನೀರಿಗೆ ಹೋದ ಹೊತ್ತು ನೋಡಿ ಅಕ್ಕನ ಮಂಚದ ಮೇಲೆ ಕೂತೆ. ಅಕ್ಕ, ನಿನಗ ಕಾಲು ನೆಟ್ಟಗಾದರೆ ಏನು ಮಾಡಬೇಕಂತಿ ಎಂದು ಕೇಳಿದೆ. ಮೊದಲು ಕುರುಗೋಡಿಗೆ ಹೋಗಿ ಬಸವಣ್ಣನಿಗೆ ಕೈ ಮುಗಿಯಬೇಕು ಎಂದಳು. ಅದು ದೇವರಿಗೆ ಕೇಳಿಸಲೆಂದು ಹೇಳಿದ ಮಾತೆಂದು ನನಗೆ ಗೊತ್ತಾಯಿತು. ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಸುಜಾತ ಬಂಗಾರದಂಥ ಹುಡುಗಿ. ಒಂದಿನ ಮಾರಿ ಗಂಟು ಹಾಕಿಲ್ಲ. ಕರದ ಕೂಡ್ಲೆ ಬರತಾಳ, ಹಿಡಕೊಂಡು ಹೋಗತಾಳ, ಅಲ್ಲೇ ನಿಂತಿರತಾಳ." ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಬೈದಿದ್ರ ಇಷ್ಟು ನಾಚಿಕಿ ಆಗತಿದ್ದಿಲ್ಲ. ನೀರು ಕುಡದ್ರ ಮತ್ತ ಕರೀಬೇಕಾಗತೈತಿ ಅಂತ ನೀರು ಕುಡಿಯಾದೇ ಬಿಟ್ಟೀನಿ. ಯಾರನ್ನೂ ಕರೀದೆ ಒಂದ್ ಸಲ ಬಚ್ಚಲಕ ಹೋಗಿ ಬರಬೇಕು ಗಿರಿಜಾ. ಅಷ್ಟ."

ನಾನು ಅಕ್ಕನಿಗೆ ಒಂದು ಲೋಟ ನೀರು ಕುಡಿಸಿದೆ.

ಮೇಡಂ ತಾವೇ ಸಿರುಗುಪ್ಪಕ್ಕೆ ಬಂದರು. ಡಾಕ್ಟರು ಮಂಡಿಗೆ ಏನು ಹೇಳಿದ್ದಾರೆಂದು ಈರಣ್ಣನನ್ನು ವಿಚಾರಿಸಿದರು. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿ, ನೆಲಕ್ಕೆ ಜಾರದ ಕಲ್ಲು ಹಾಸಿ ಎಂದರು. ಆಮೇಲೆ ಅಕ್ಕನ ಮಂಚದ ಪಕ್ಕ ಗೋಡೆಗೆ ಒತ್ತಿ ಕುರ್ಚಿ ಇಟ್ಟರು. ಅದೇ ಕಸರತ್ತು. ಕೂರುವುದು, ಏಳುವುದು.

"ಟೀಚರಮ್ಮ, ಈ ವಯಸ್ಸಿನ್ಯಾಗ ನನಗ ಸಾಲಿಗೆ ಹಾಕ್ತೀರೇನು?" ಎಂದಳು ಅಕ್ಕ.

"ಹೆಸರು ಹಚ್ಚೀನಿ. ಇನ್ನ ತಪ್ಪಿಸಿಕೊಳ್ಳಾಕ ಆಗಂಗಿಲ್ಲ," ಎಂದರು ಮೇಡಂ.

ಅಕ್ಕ ಅರ್ಧ ಎದ್ದು ತೂಗಾಡಿದಳು. ನಾನು ಹಿಡಿಯಲು ಹೋದೆ. "ಕೈ ಹಿಂದ ಕಟ್ಟಿಕೊಳ್ರಿ ಗಿರಿಜಮ್ಮ," ಎಂದರು ಮೇಡಂ ನನ್ನತ್ತ ತಿರುಗದೆ. ಅವರೇ ಅಕ್ಕನ ಪಕ್ಕ ನಿಂತಿದ್ದರು. ಆದರೂ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡುವುದಕ್ಕಿಂತ ಅಕ್ಕಿ ಚೀಲ ಎತ್ತುವುದು ಎಷ್ಟೋ ಹಗುರ. ಅಕ್ಕ ಮತ್ತೆ ಕೂತಳು. ಮತ್ತೆ ಎದ್ದಳು. ಆ ದಿನ ಪೂರ್ತಿ ನಿಲ್ಲಲು ಆಗಲೇ ಇಲ್ಲ.

ಹೊಲದಲ್ಲಿ ಭತ್ತ ಹಣ್ಣಾಗುವ ತನಕ ಇದು ನಡೆಯಿತು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಉಳಿದ ದಿನ ಸುಜಾತ ಮಾಡಿಸುತ್ತಿದ್ದಳು. ಅಕ್ಕ ಸಿಟ್ಟು ಮಾಡಿಕೊಂಡು ಗೋಡೆಗೆ ಮುಖ ತಿರುಗಿಸಿದ ದಿನಗಳಿದ್ದವು. ಮಂಡಿ ಊದಿ ಎಲ್ಲ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ ದಿನಗಳೂ ಇದ್ದವು. ಮಂಡಿ ಊದಿದ ವಾರವೆಲ್ಲ ನಾನು ಲ್ಯಾಬಿನಲ್ಲಿ ತಪ್ಪು ಟೈಪು ಮಾಡಿ ಬೈಸಿಕೊಂಡೆ. ಅಕ್ಕನನ್ನು ಇದರಲ್ಲಿ ಎಳೆದು ಕೆಡಿಸಿದೆನೇನೋ, ಮಂಚದ ಮೇಲಾದರೂ ಸುಖವಾಗಿದ್ದಳಲ್ಲ ಎಂದು ಮನಸ್ಸು ಕೊರೆಯುತ್ತಿತ್ತು. ಆಮೇಲೆ ಒಂದು ದಿನ ಸುಜಾತ ಫೋನ್ ಮಾಡಿ, "ಸಣ್ಣತ್ತಿ, ಇವತ್ತು ಅಡಿಗಿಮನಿ ತನಕ ಬಂದು ಉಪ್ಪು ಹೆಚ್ಚಾಗೈತಿ ಅಂದ್ರು," ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ.

ಮೊನ್ನೆ ನಾನು ಹೋದಾಗ ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ನಾನು ಚೀಲ ಇಳಿಸುವಷ್ಟರಲ್ಲಿ ಎದ್ದಳು. ಯಾರನ್ನೂ ಕರೆಯಲಿಲ್ಲ. ಗೋಡೆಗೆ ಬೆರಳು ಸೋಕಿಸುತ್ತಾ, ಒಂದು ಕಡೆ ವಾಲಿದ ಆ ನಡಿಗೆಯಲ್ಲಿ ಬಚ್ಚಲ ಕಡೆ ಹೊರಟಳು. ನಾನು ಹಿಂದೆಯೇ ಹೋದೆ. ಸುಜಾತ ಅಡುಗೆಮನೆಯ ಬಾಗಿಲಿಗೆ ಬಂದಳು. ಅಕ್ಕ ಬಚ್ಚಲೊಳಗೆ ಹೋಗಿ, ನಮ್ಮಿಬ್ಬರ ಮುಖದ ಮೇಲೆಯೇ ಬಾಗಿಲು ಮುಚ್ಚಿದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು.

ಚಿಲಕ ಹಾಕಬೇಡ ಎಂದು ಮೇಡಂ ಸಾರಿ ಸಾರಿ ಹೇಳಿದ್ದರು. ನಾನು ಬಾಗಿಲಿಗೆ ಕೈ ಇಟ್ಟು ನಿಂತೆ. ನೀರು ಬಿಟ್ಟ ಸದ್ದು. ನೀರು ನಿಂತ ಸದ್ದು. ಆಮೇಲೆ ಏನೋ ಢಣಾರೆಂದು ಬಿತ್ತು.

"ಅಕ್ಕಾ."

ಸುಜಾತ ನನ್ನ ತೋಳು ಹಿಡಿದಿದ್ದಳು.

"ಚೊಂಬು ಬಿತ್ತು. ನಾನಲ್ಲ," ಎಂದಿತು ಒಳಗಿನ ದನಿ. "ಅಲ್ಲೇ ನಿಂತಿಯೇನು? ಹೋಗು ಲೇ. ಚಾ ಇಡು ಹೋಗು."

ಹೋದೆವು. ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ನಾನೂ ಸುಜಾತಳೂ ಅದರ ಮುಂದೆ ನಿಂತೆವು. ಇಬ್ಬರ ಕಿವಿಯೂ ಬಚ್ಚಲ ಬಾಗಿಲಲ್ಲಿತ್ತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು ಚುರ್ ಎಂದಾಗಲೇ ಇಬ್ಬರೂ ಅದರ ಕಡೆ ನೋಡಿದ್ದು. ಅಷ್ಟರಲ್ಲಿ ಚಿಲಕ ತೆಗೆದ ಸದ್ದು ಕೇಳಿತು. ಗೋಡೆಗೆ ಕೈ ಸೋಕಿಸುತ್ತಾ, ಹೆಜ್ಜೆ ಎಳೆಯುತ್ತಾ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಲೆಯನ್ನು ನೋಡಿದಳು, ನಮ್ಮನ್ನು ನೋಡಿದಳು.

"ಇಬ್ರು ನಿಂತು ಒಂದು ಹಾಲು ಕಾಯಾಕ ಆಗಲಿಲ್ಲೇನು ನಿಮಗ?" ಎಂದಳು.